ಮೂರು ಮುಲಾಮು, ಎರಡು ಮಂಡಿ

ಕಂಪಲಾಪುರದಲ್ಲಿ ನಾನು ಮೆಡಿಕಲ್ ಸ್ಟೋರ್ ಇಟ್ಟು ಇಪ್ಪತ್ತು ವರ್ಷ ದಾಟಿತು. ಜ್ವರದ ಮಾತ್ರೆ ಕೊಂಡವರು ನುಂಗುತ್ತಾರೆ, ಕೆಮ್ಮಿನ ಔಷಧಿ ಕೊಂಡವರು ಕುಡಿಯುತ್ತಾರೆ, ಅಲ್ಲಿಗೆ ಮುಗಿಯಿತು. ಮಂಡಿ ನೋವಿಗೆ ಮುಲಾಮು ಕೊಂಡವರದು ಮಾತ್ರ ಮುಗಿಯುವುದೇ ಇಲ್ಲ. ಎಷ್ಟು ಬಿಡಿಸಿ ಹೇಳಿ ಕಳಿಸಿದರೂ ವಾರದೊಳಗೆ ಏನಾದರೊಂದು ಸುದ್ದಿ ಹೊತ್ತು ವಾಪಸ್ ಬರುತ್ತಾರೆ. ನನಗೂ ಒಂದು ಚಟವಿದೆ. ಯಾರು ಏನು ಹಚ್ಚಿಕೊಂಡರು, ಯಾವುದು ಎಷ್ಟು ದಿನಕ್ಕೆ ಕೆಲಸ ಮಾಡಿತು ಎಂದು ಕೇಳಿ ತಿಳಿದುಕೊಳ್ಳದಿದ್ದರೆ ಊಟ ಸೇರುವುದಿಲ್ಲ. ಹೋದ ವರ್ಷ ಈ ಚಟದಿಂದ ನಮ್ಮ ದೊಡ್ಡವ್ವನ ಜಾಗಕ್ಕೇ ಕುತ್ತು ಬಂದಿತ್ತು.

ಮೂಗಿನ ಪರೀಕ್ಷೆ

ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಪಕ್ಕದ ಮನೆ, ಒಂದೇ ಅಂಗಳ. ನಮ್ಮ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ಬ್ಯಾರನ್ ಎಂಬ ಬಿಸಿಗಾಳಿಯ ಕೋಣೆಯಲ್ಲಿ ಬೇಯಿಸಿ ಒಣಗಿಸಿದ ಸೊಪ್ಪನ್ನು ಹರಾಜಿಗೆ ಒಯ್ಯುವ ಮುಂಚೆ ಎಲೆ ಎಲೆಯಾಗಿ ನೋಡಿ, ಬಣ್ಣ ಮತ್ತು ಗುಣ ನೋಡಿ ಬೇರೆ ಬೇರೆ ಗುಡ್ಡೆ ಮಾಡಬೇಕು. ಗ್ರೇಡಿಂಗ್ ಅನ್ನುವುದು ಇದಕ್ಕೇ. ಹೆಂಗಸರು ಬೆಳಗಿನಿಂದ ಸಂಜೆತನಕ ನೆಲದ ಮೇಲೆ ಕೂತು ಮಾಡುವ ಕೆಲಸ. ನಮ್ಮ ಶೆಡ್ಡಿನ ನಡುವೆ ಒಂದು ಗೋಣಿಚೀಲ ಹಾಸಿರುತ್ತದೆ, ಅದು ದೊಡ್ಡವ್ವನ ಜಾಗ. ಯಾರಿಗಾದರೂ ಅನುಮಾನ ಬಂದರೆ ಎಲೆಯನ್ನು ಅವಳ ಕೈಗೆ ಕೊಡುತ್ತಾರೆ. ಅವಳು ಬೆಳಕಿಗೆ ಹಿಡಿಯುತ್ತಾಳೆ, ಬೆರಳಲ್ಲಿ ತಿಕ್ಕುತ್ತಾಳೆ, ಮೂಸುತ್ತಾಳೆ, ಯಾವುದೋ ಒಂದು ಗುಡ್ಡೆಗೆ ಎಸೆಯುತ್ತಾಳೆ. ಅದರ ಮೇಲೆ ಮಾತಿಲ್ಲ. ಅವಳ ಎಡಗಡೆ ಮೂವತ್ತು ವರ್ಷದಿಂದ ಕೂರುತ್ತಿರುವವಳು ನಮ್ಮವ್ವ. ಅವಳ ಕಣ್ಣು ಎಲೆಯ ಮೇಲಿರುವಷ್ಟೇ ಆ ಗೋಣಿಚೀಲದ ಮೇಲೂ ಇದೆ.

ಆಷಾಢದಲ್ಲಿ ದೊಡ್ಡವ್ವ ಕುಂಟತೊಡಗಿದಳು. ಪಿರಿಯಾಪಟ್ಟಣದ ಡಾಕ್ಟರು ನೋಡಿ, ಮಂಡಿ ಸವೆತ ಎಂದು ಚೀಟಿ ಬರೆದರು. ಅವಳಿಗೆ ಹೊಟ್ಟೆಹುಣ್ಣು ಇರುವುದರಿಂದ ನೋವಿನ ಮಾತ್ರೆ ಬೇಡ, ಚರ್ಮಕ್ಕೆ ಹಚ್ಚುವ ಔಷಧಿ ಸಾಕು, ತೊಡೆಗೆ ಕಸರತ್ತು ಮಾಡಿ, ನೆಲದ ಮೇಲೆ ಕೂರುವುದು ಬಿಡಿ ಎಂದರು. ಈ ಮಾತುಗಳಲ್ಲಿ ದೊಡ್ಡವ್ವನ ಕಿವಿಗೆ ಬಿದ್ದದ್ದು ಹಚ್ಚುವ ಔಷಧಿ ಒಂದೇ. ಚೀಟಿ ಮತ್ತು ಎಕ್ಸ್‌ರೇ ಕವರು ಹಿಡಿದು ಸೀದಾ ನನ್ನ ಅಂಗಡಿಗೆ ಬಂದಳು. ನಾನು ಚೀಟಿ ಓದಿದೆ. ಕವರು ಬಿಚ್ಚುವ ಗೋಜಿಗೆ ಹೋಗಲಿಲ್ಲ.

"ಗ್ರೇಡಿಂಗ್ ಶುರುವಾಗೋ ಹೊತ್ಗೆ ನಾನು ಆ ಗೋಣಿ ಮೇಲೆ ಕುಂತಿರ್ಬೇಕು ಕಣ್ಲಾ ಮಗ," ಎಂದಳು. "ಇಲ್ದಿದ್ರೆ ನಿಮ್ಮವ್ವ ಕುಂತ್ಕತ್ತಾಳೆ. ಒಂದ್ಸಲ ಕುಂತ್ಲು ಅಂದ್ರೆ ಏಳಾಕಿಲ್ಲ ಅವಳು."

ನಾನು ಮೂರು ಮುಲಾಮು ತೆಗೆದು ಕೌಂಟರಿನ ಮೇಲೆ ಸಾಲಾಗಿ ಇಟ್ಟೆ. ಒಂದು ಡೈಕ್ಲೊಫೆನಾಕ್ ಜೆಲ್, ಡಾಕ್ಟರು ಬರೆದದ್ದು. ಇನ್ನೊಂದು ಎಲ್ಲರ ಮನೆಯಲ್ಲೂ ಇರುವಂಥ ಬಿಸಿ ಬಾಮು. ಮೂರನೆಯದು ಮೆಣಸಿನಕಾಯಿಯ ಖಾರದ ಸತ್ವ ಸೇರಿಸಿದ ಕ್ರೀಮು. ಯಾವುದು ಹೇಗೆ ಕೆಲಸ ಮಾಡುತ್ತದೆ ಎಂದು ನಾನು ಹೇಳಲು ಶುರು ಮಾಡುವಷ್ಟರಲ್ಲಿ ದೊಡ್ಡವ್ವ ತನ್ನ ಪರೀಕ್ಷೆ ಶುರು ಮಾಡಿಯಾಗಿತ್ತು. ಜೆಲ್ಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಬಾಗಿಲ ಬೆಳಕಿಗೆ ಹಿಡಿದು, ಮೂಸಿ ಮುಖ ಕಿವುಚಿದಳು.

"ಇದ್ರಲ್ಲಿ ಜೀವಾನೇ ಇಲ್ಲ. ಕಸದ ಗುಡ್ಡೆಗೆ ಹಾಕು."

ಬಾಮಿನ ಡಬ್ಬಿ ತೆರೆದಳು. ಕಣ್ಣಲ್ಲಿ ನೀರು ಬಂತು. ಇನ್ನೊಮ್ಮೆ ಮೂಸಿದಳು.

"ಇದು ಫಸ್ಟ್ ಗ್ರೇಡು."

"ದೊಡ್ಡವ್ವ, ಇದು ಸೊಪ್ಪಲ್ಲ," ಎಂದೆ. "ಬಾಮು ಚರ್ಮ ಬಿಸಿ ಮಾಡಿ ನೋವನ್ನ ಮರೆಸುತ್ತೆ ಅಷ್ಟೇ. ಜೆಲ್ಲು ಒಳಗಿಳಿದು ಕೀಲಿನ ಊತ ಇಳಿಸುತ್ತೆ. ಔಷಧಿಯ ಗುಣ ವಾಸನೆಯಲ್ಲಿ ಇರಲ್ಲ."

"ವಾಸ್ನೆ ಇಲ್ದೇ ಇರೋ ಸೊಪ್ಪನ್ನ ಯಾರ್ಲಾ ಕೊಳ್ತಾರೆ?"

ಆಗಲೇ ನನಗೆ ಒಂದು ಯೋಚನೆ ಹೊಳೆಯಿತು. ಮಂಡಿ ಎರಡಿವೆಯಲ್ಲ, ಎಡಕ್ಕೆ ಜೆಲ್ಲು, ಬಲಕ್ಕೆ ಬಾಮು ಹಚ್ಚಿ ನೋಡೋಣ. ಒಂದೇ ಮೈ, ಒಂದೇ ಊಟ, ಒಂದೇ ಕೆಲಸ. ಯಾವುದು ಹೆಚ್ಚು ಎಂದು ಅನುಮಾನವಿಲ್ಲದೆ ಗೊತ್ತಾಗುತ್ತದೆ. ಇಷ್ಟು ಒಳ್ಳೆಯ ಯೋಚನೆ ನನಗೆ ಇಪ್ಪತ್ತು ವರ್ಷದಲ್ಲಿ ಬಂದದ್ದಿಲ್ಲ. ದೊಡ್ಡವ್ವನೂ ತಲೆಯಾಡಿಸಿದಳು. ಆಮೇಲೆ ಖಾರದ ಕ್ರೀಮನ್ನು ತೋರಿಸಿ, "ಇದ್ಕೆ?" ಎಂದಳು.

"ಮೂರನೇದಕ್ಕೆ ಮಂಡಿ ಇಲ್ಲವಲ್ಲ ದೊಡ್ಡವ್ವ."

"ನಿಮ್ಮವ್ವಂಗೂ ಎರಡು ಮಂಡಿ ಅವೆಯಲ್ಲ. ಅವಳಿಗೆ ಅಚ್ಚು. ಏನಾರ ಆದ್ರೆ ನಂಗೆ ಯೋಳು."

ಎತ್ತಿನ ನೋಟ

ಅವ್ವನಿಗೆ ಖಾರದ ಕ್ರೀಮು ಹಚ್ಚುವ ಯೋಚನೆ ಅದೇ ವಾರ ನಿಂತುಹೋಯಿತು. ಕಾರಣ ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿನ ಒಬ್ಬ ರೈತರು. ಮಗಳನ್ನು ನಮ್ಮೂರಿಗೆ ಕೊಟ್ಟಿದ್ದಾರೆ, ಬಂದಾಗಲೆಲ್ಲ ಅಂಗಡಿಗೆ ಬರುತ್ತಾರೆ. ಹಿಂದಿನ ತಿಂಗಳು ಅವರಿಗೆ ಅದೇ ಕ್ರೀಮು ಕೊಟ್ಟಿದ್ದೆ. ಮೊದಮೊದಲು ಉರಿಯುತ್ತದೆ, ಹೆದರಬೇಡಿ, ಮೂರು ನಾಲ್ಕು ವಾರ ಬಿಡದೆ ಹಚ್ಚಬೇಕು, ಹಚ್ಚಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆಯಬೇಕು, ಕಣ್ಣು ಮುಟ್ಟಬಾರದು ಎಂದೆಲ್ಲ ಹೇಳಿದ್ದೆ. ಅವರು ಈಗ ತುಂಬಿದ ಟ್ಯೂಬನ್ನೇ ತಂದು ಕೌಂಟರಿನ ಮೇಲಿಟ್ಟರು.

"ಯಾಕೆ ಯಜಮಾನ್ರೆ, ಕೆಲಸ ಮಾಡಲಿಲ್ವಾ?"

"ಗೊತ್ತಿಲ್ಲ ಸ್ವಾಮಿ. ನಾನು ಅಚ್ಕಳಿಲ್ಲ. ಮೊದ್ಲು ಎತ್ತಿನ ಮಂಡಿಗೆ ಅಚ್ಚಿ ನೋಡ್ದೆ."

ಅವರು ನನಗೇ ಬುದ್ಧಿ ಹೇಳಿದರು. "ವಸಾ ಔಸ್ದಿ ಅಂದ್ಮೇಲೆ ಮೊದ್ಲು ಒಂದ್ ಸಾಲ್ಗೆ ಸಿಂಪಡ್ಸಿ ನೋಡ್ಬೇಕಲ್ವಾ. ಶುಂಠಿಗೂ ನಾವು ಅಂಗೇ ಮಾಡೋದು."

"ಎತ್ತು ಏನು ಮಾಡಿತು?"

"ಒದೀಲಿಲ್ಲ, ಕೂಗ್ಲಿಲ್ಲ. ಕತ್ತು ತಿರುಗ್ಸಿ ನನ್ನ ಒಂದ್ಸಲ ನೋಡ್ತು ಅಷ್ಟೇಯ. ಕರುವಾಗಿದ್ದಾಗಿಂದ ಸಾಕಿವ್ನಿ, ಯಾವತ್ತೂ ಅಂಗೆ ನೋಡಿರ್ಲಿಲ್ಲ ಅದು. ಸೋಪ್ ಹಾಕಿ ತೊಳ್ದು, ಬೆಲ್ಲ ತಿನ್ಸಿ, ಇದ್ಕೆ ಮುಚ್ಚಳ ಹಾಕ್ಬುಟ್ಟೆ."

ನನ್ನ ಚಟ ಬಿಡಬೇಕಲ್ಲ. "ಈಗ ಅದರ ಕಾಲು ಹೇಗಿದೆ?" ಎಂದೆ.

"ಕಾಲು ಚೆನ್ನಾಗದೆ ಸ್ವಾಮಿ. ನನ್ನ ಕಂಡ್ರೆ ಓಡೋಯ್ತದೆ."

ಕಲ್ಲಿನಂಥ ಬಲಗಾಲು

ದೊಡ್ಡವ್ವನ ಮಂಡಿಗಳಿಗಾಗಿ ನಾನು ಒಂದು ನೋಟ್‌ಬುಕ್ ಇಟ್ಟೆ. ಎಡಪುಟ ಎಡಗಾಲಿಗೆ, ಬಲಪುಟ ಬಲಗಾಲಿಗೆ. ಸಂಜೆ ಡೇರಿಗೆ ಹಾಲು ಹಾಕಿ ಬರುವಾಗ ಅವಳು ಅಂಗಡಿ ಮುಂದೆ ನಿಲ್ಲುತ್ತಿದ್ದಳು. ನಾನು ಪೆನ್ನು ತೆಗೆಯುತ್ತಿದ್ದೆ.

"ಎಡಗಡೆ?"

"ಇದ್ದಂಗೇ ಅದೆ."

"ಬಲಗಡೆ?"

"ಕಲ್ಲಿದ್ದಂಗದೆ."

ಎರಡನೇ ದಿನಕ್ಕೇ ಬಲಗಾಲು ಕಲ್ಲಿದ್ದಂಗಿತ್ತು, ನೋವೇ ಇಲ್ಲದಷ್ಟು ಗಟ್ಟಿ. ಮೂರನೇ ದಿನವೂ ಕಲ್ಲು. ಎಡಗಾಲು ಮಾತ್ರ ಒಂದು ವಾರ ಕಳೆದರೂ ಇದ್ದಂಗೇ. ಎರಡನೇ ವಾರದ ಕೊನೆಗೆ, "ಪರ್ವಾಗಿಲ್ಲ, ಜಗಲಿ ಇಳೀಬೌದು" ಎಂದಳು. ಅದನ್ನೂ ಬರೆದೆ. ಆದರೆ ನನಗೆ ತಲೆಬಿಸಿಯಾಯಿತು. ಓದಿದ್ದು ಒಂದು, ಕಣ್ಣಮುಂದೆ ಕಾಣುತ್ತಿರುವುದು ಇನ್ನೊಂದು. ಜೆಲ್ಲು ನಿಧಾನ, ನಿಜ. ಆದರೆ ಬಾಮು ಎರಡೇ ದಿನಕ್ಕೆ ಸವೆದ ಮಂಡಿಯನ್ನು ಕಲ್ಲು ಮಾಡುವುದು ಎಲ್ಲಾದರೂ ಉಂಟೇ? ತಡೆಯಲಾರದೆ ಡಾಕ್ಟರಿಗೆ ಫೋನ್ ಮಾಡಿದೆ.

"ಹಾಗಾಗೋದು ಅಪರೂಪ ಕಣ್ರೀ," ಎಂದರು ಅವರು. "ಬರೆದಿಟ್ಟುಕೊಳ್ಳಿ."

ನಾನು ಅದಾಗಲೇ ಬರೆದಿಟ್ಟುಕೊಂಡಿದ್ದೆ ಎಂದು ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು. ಇನ್ನು ಅನುಮಾನ ಉಳಿಯಬಾರದು ಎಂದು ಅದಲುಬದಲು ಮಾಡುವ ಉಪಾಯ ತೆಗೆದೆ. ನಾಳೆಯಿಂದ ಬಾಮನ್ನು ಎಡಗಾಲಿಗೂ ಜೆಲ್ಲನ್ನು ಬಲಗಾಲಿಗೂ ಹಚ್ಚು ಎಂದೆ. ದೊಡ್ಡವ್ವ ಹಾಲಿನ ಕ್ಯಾನು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಚೆನ್ನಾಗಿರೋ ಕಾಲನ್ನ ಯಾಕ್ಲಾ ಕೆಡುಸ್ತೀಯ? ನಿಂಗೇನ್ ಅನ್ಯಾಯ ಮಾಡೈತೆ ಅದು?"

ಸೀಟು ಸಿಗುವ ಮುಲಾಮು

ಶ್ರಾವಣದಲ್ಲಿ ದೊಡ್ಡವ್ವ ಮಗಳನ್ನು ನೋಡಲು ಕೆ.ಆರ್. ನಗರಕ್ಕೆ ಹೊರಟಳು. ಒಬ್ಬಳನ್ನೇ ಕಳಿಸುವುದು ಬೇಡ ಎಂದು ನಾನೂ ಹೋದೆ. ಹುಣಸೂರಿನಲ್ಲಿ ಬಸ್ಸು ಬದಲಿಸಬೇಕು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಆ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಕ್ಕರೆ ಪುಣ್ಯ. ನಾನು ಕಂಬಕ್ಕೆ ಜೋತುಬಿದ್ದು, ದೊಡ್ಡವ್ವನಿಗಾಗಿ ಅವರಿವರ ಮುಖ ನೋಡುತ್ತ ನಿಂತೆ. ಯಾರೂ ಏಳಲಿಲ್ಲ. ಅವಳು ಮಾತ್ರ ನಿಶ್ಚಿಂತೆಯಿಂದ ಸೆರಗಿನ ಗಂಟು ಬಿಚ್ಚಿ, ಬಾಮಿನ ಡಬ್ಬಿ ತೆಗೆದು, ಬಗ್ಗಿ ಸೀರೆಯ ಮೇಲಿಂದಲೇ ಬಲಮಂಡಿಗೆ ಒಂದು ಉಂಡೆ ತಿಕ್ಕಿದಳು.

ಮೊದಲು ಕಿಟಕಿ ಪಕ್ಕದವರು ಕಿಟಕಿ ತೆರೆದರು. ಆಮೇಲೆ ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, "ಅಯ್ಯೋ, ಮಂಡಿ ನೋವಾ ಅಜ್ಜಿ? ಬನ್ನಿ, ಕುಂತ್ಕಳಿ" ಎಂದು ಎದ್ದಳು. ಅರ್ಧ ನಿಮಿಷದಲ್ಲಿ ಪಕ್ಕದವಳೂ ಎದ್ದಳು, ಅವಳು ಎದ್ದದ್ದು ಕರುಣೆಯಿಂದ ಅಂತ ನನಗೆ ಅನ್ನಿಸಲಿಲ್ಲ. ದೊಡ್ಡವ್ವ ಕಿಟಕಿಗೆ ಸರಿದು, ಪಕ್ಕದ ಜಾಗವನ್ನು ತಟ್ಟಿ ನನ್ನನ್ನು ಕರೆದಳು.

"ನಿನ್ ಜೆಲ್ಲು ಅಚ್ಕಂಡಿದ್ರೆ ಕೆ.ಆರ್. ನಗರ ಗಂಟ ನಿಂತೇ ಓಗ್ಬೇಕಿತ್ತು. ಬರ್ಕೋ ನಿನ್ ಬುಕ್ಕಲ್ಲಿ."

ಬೈಲಕುಪ್ಪೆಯ ಅಜ್ಜಿ

ಬಾಮೇ ಇಷ್ಟು ಕೆಲಸ ಮಾಡುವಾಗ ಅದಕ್ಕಿಂತ ಘಾಟಿನದು ಸಿಕ್ಕರೆ ಇನ್ನೆಷ್ಟು ಮಾಡಬೇಡ ಎಂದು ದೊಡ್ಡವ್ವನ ಲೆಕ್ಕ. ಬೈಲಕುಪ್ಪೆಯ ಟಿಬೆಟಿನವರ ಅಂಗಡಿಯೊಂದರಲ್ಲಿ ಗಿಡಮೂಲಿಕೆಯ ಎಣ್ಣೆ ಸಿಗುತ್ತದೆ, ಅದನ್ನು ಮೂಸಿದರೆ ಮುಂದಿನ ವರ್ಷದ ನೆಗಡಿಯೂ ಬಿಡುತ್ತದೆ ಎಂದು ಯಾರೋ ಹೇಳಿದ್ದರು. ನನಗೂ ನೋಡುವ ಆಸೆ. ಭಾನುವಾರ ಬೈಕಿನಲ್ಲಿ ಕೂರಿಸಿಕೊಂಡು ಹೋದೆ.

ಅಂಗಡಿಯ ಟಿಬೆಟನ್ ಅಜ್ಜಿ ಹುಟ್ಟಿದ್ದೇ ಬೈಲಕುಪ್ಪೆಯಲ್ಲಂತೆ. ಕನ್ನಡ ನಮ್ಮಷ್ಟೇ ಚೆನ್ನಾಗಿ ಬರುತ್ತದೆ. ದೊಡ್ಡವ್ವ ಸೀಸೆ ತೆರೆದು ಮೂಸಿದಳು, ಬೆರಳಲ್ಲಿ ತಿಕ್ಕಿದಳು, ಮುಖ ಅರಳಿತು. ನಾನು ಕೌಂಟರಿಗೆ ಒರಗಿ, ಇದರಲ್ಲಿ ಏನೇನು ಹಾಕುತ್ತಾರೆ, ಯಾರ ಮಂಡಿಗೆ ಎಷ್ಟು ದಿನಕ್ಕೆ ವಾಸಿಯಾಗಿದೆ ಎಂದು ಒಂದೊಂದಾಗಿ ಕೇಳತೊಡಗಿದೆ. ಅಜ್ಜಿ ಸ್ವಲ್ಪ ಹೊತ್ತು ತಾಳ್ಮೆಯಿಂದ ಉತ್ತರ ಕೊಟ್ಟರು. ಆಮೇಲೆ ಸ್ಟೂಲಿನಿಂದ ಎದ್ದು ಒಳಗೆ ಹೋಗುವಾಗ ಒಂದು ಕೈ ಮಂಡಿಯ ಮೇಲಿತ್ತು.

"ನಿಮಗೂ ಮಂಡಿ ನೋವಾ ಅಜ್ಜಿ?" ಎಂದೆ. "ನೀವು ಈ ಎಣ್ಣೆ ಹಚ್ಚಿಕೊಳ್ತೀರಾ?"

"ಅಯ್ಯೋ ಇಲ್ಲ ಕಣಪ್ಪ. ನನಗೆ ವಾಸನೆ ಆಗಿಬರಲ್ಲ," ಎಂದು ಅಜ್ಜಿ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಒಂದು ಟ್ಯೂಬು ತೆಗೆದು ತೋರಿಸಿದರು. "ಕಂಪಲಾಪುರದಲ್ಲಿ ಒಂದು ಮೆಡಿಕಲ್ ಇದೆ. ಅಲ್ಲಿಂದ ಜೆಲ್ಲು ತರಿಸ್ಕೊಳ್ತೀನಿ. ಅವನು ಮಾತು ಜಾಸ್ತಿ, ಔಷಧಿ ಮಾತ್ರ ಒಳ್ಳೇದು ಕೊಡ್ತಾನಂತೆ."

ಬೇಲು ವಾಪಸ್ ಬಂತು

ಇಷ್ಟಾದ ಮೇಲೂ ನಾನು ನಂಬಿದ್ದು ನನ್ನ ನೋಟ್‌ಬುಕ್ಕನ್ನೇ. ಬಲಪುಟದ ತುಂಬ ಕಲ್ಲು, ಕಲ್ಲು, ಕಲ್ಲು. ಅಂಗಡಿಗೆ ಮಂಡಿ ಹಿಡಿದುಕೊಂಡು ಬಂದವರಿಗೆಲ್ಲ ಬಾಮು ಕೊಡತೊಡಗಿದೆ. ಗ್ರೇಡಿಂಗಿಗೆ ಬರುವ ಎಂಟು ಹೆಂಗಸರಿಗೂ ಕೊಟ್ಟೆ, ನಮ್ಮವ್ವನಿಗೂ ಕೊಟ್ಟೆ. ಅವ್ವನ ಎರಡೂ ಮಂಡಿ ನೋಯುತ್ತಿದ್ದವು. ಹದಿನೈದು ದಿನ ತಿಕ್ಕಿದ ಮೇಲೆ, "ಅಕ್ಕಂಗೆ ಆಗಿದ್ದು ನಂಗ್ಯಾಕ್ಲಾ ಆಯ್ತಿಲ್ಲ?" ಎಂದು ಕೇಳಿದಳು. ನೀನು ಸರಿಯಾಗಿ ತಿಕ್ಕುತ್ತಿಲ್ಲ ಎಂದುಬಿಟ್ಟೆ. ಪಾಪ, ಅವಳು ಇನ್ನೂ ಗಟ್ಟಿಯಾಗಿ ತಿಕ್ಕತೊಡಗಿದಳು.

ಗ್ರೇಡಿಂಗ್ ಶುರುವಾಯಿತು. ದೊಡ್ಡವ್ವ ಬಂದು ತನ್ನ ಜಾಗದಲ್ಲಿ ಕೂತಳು. ಡಾಕ್ಟರ ಮಾತಿಗೆ ಅರ್ಧ ಮರ್ಯಾದೆ ಕೊಟ್ಟು ಗೋಣಿಯ ಮೇಲೆ ಒಂದು ಗಿಡ್ಡ ಸ್ಟೂಲು ಹಾಕಿಕೊಂಡಿದ್ದಳು. ಅವ್ವ ಎಡಗಡೆಯೇ ಉಳಿದಳು. ಇಡೀ ಶೆಡ್ಡು ಒಂದು ಕೈಯಲ್ಲಿ ಮಂಡಿ ತಿಕ್ಕುತ್ತ ಇನ್ನೊಂದು ಕೈಯಲ್ಲಿ ಎಲೆ ಆರಿಸುತ್ತಿತ್ತು. ಮಂಡಿಯ ಕೈ ಯಾವುದು, ಎಲೆಯ ಕೈ ಯಾವುದು ಎಂದು ಸ್ವಲ್ಪ ಹೊತ್ತಿನಲ್ಲೇ ಯಾರಿಗೂ ನೆನಪಿರುತ್ತಿರಲಿಲ್ಲ.

ಗೋಣಿಯಲ್ಲಿ ಬಿಗಿದು ಕಟ್ಟಿದ ಸೊಪ್ಪಿನ ಮೊದಲ ಹೊರೆಯನ್ನು, ಅಂದರೆ ಬೇಲನ್ನು, ದೊಡ್ಡಪ್ಪ ಹರಾಜಿಗೆ ಒಯ್ದರು. ಕೊಳ್ಳುವವರು ಒಬ್ಬರು ಎಲೆ ಎಳೆದು ಮೂಸಿದರು. ಇನ್ನೊಮ್ಮೆ ಮೂಸಿ ಪಕ್ಕದವರಿಗೆ ಕೊಟ್ಟರು. ಅವರು ಮೂಸಿ ಮೂಗು ಒರೆಸಿಕೊಂಡರು. ಕೊನೆಗೆ ಒಬ್ಬರು ಬಹಳ ಮರ್ಯಾದೆಯಿಂದ ಕೇಳಿದರಂತೆ: "ಯಜಮಾನ್ರೆ, ಸೊಪ್ಪಿಗೆ ಮಂಡಿ ನೋವಾ?"

ಬೇಲು ವಾಪಸ್ ಬಂತು. ಶೆಡ್ಡಿನ ನಡುವೆ ಅದನ್ನು ಬಿಚ್ಚಿದರು. ಎಲ್ಲರೂ ದೊಡ್ಡವ್ವನ ಕಡೆ ನೋಡಿದರು, ಏಕೆಂದರೆ ಅದರಲ್ಲಿದ್ದ ಒಂದೊಂದು ಎಲೆಯೂ ಅವಳು ಒಪ್ಪಿದ್ದೇ. ಅವಳು ಒಂದು ಎಲೆ ತೆಗೆದು ಮೂಸಿದಳು. ಇನ್ನೊಂದು ಮೂಸಿದಳು. "ಏನೂ ವಾಸ್ನೆ ಬತ್ತಿಲ್ವಲ್ಲ ನಂಗೆ," ಎಂದಳು, ಸಣ್ಣ ದನಿಯಲ್ಲಿ. ಮಂಡಿ ಹೋದರೆ ಸ್ಟೂಲು ಹಾಕಬಹುದು, ಮೂಗು ಹೋದರೆ ಆ ಗೋಣಿಚೀಲದಿಂದ ಏಳಲೇಬೇಕು. ಅದು ಅವಳಿಗೂ ಗೊತ್ತಿತ್ತು, ಅಲ್ಲಿದ್ದವರಿಗೂ ಗೊತ್ತಿತ್ತು. ಅವ್ವನೂ ನಗಲಿಲ್ಲ, ಗೋಣಿಚೀಲದ ಕಡೆ ಕಣ್ಣೂ ಹಾಯಿಸಲಿಲ್ಲ. "ಏನೋ ನೆಗಡಿ ಇರ್ಬೇಕು ಬುಡಕ್ಕ," ಎಂದಳು.

ನೆಗಡಿ ಅಲ್ಲ, ಎರಡು ತಿಂಗಳಿಂದ ಮೂಗಿನ ಕೆಳಗೇ ಇದ್ದ ಬಾಮು ಎಂದು ನನಗೆ ಹೊಳೆಯಿತು. ಮೂಗು ಅದಕ್ಕೆ ಒಗ್ಗಿಹೋಗಿತ್ತು. ನಾಲ್ಕು ದಿನ ಬಾಮು ಮುಟ್ಟಬೇಡ, ಶೆಡ್ಡಿಗೂ ಬರಬೇಡ ಎಂದು ಕೈಮುಗಿದು ಕೇಳಿಕೊಂಡೆ. ಅವಳು ಮರುಮಾತಾಡದೆ ಒಪ್ಪಿದ್ದು ನೋಡಿ ನನಗೆ ಸಂಕಟವಾಯಿತು. ಆ ನಾಲ್ಕು ದಿನವೂ ಗೋಣಿಚೀಲ ಖಾಲಿಯೇ ಇತ್ತು. ಅವ್ವ ತಾನೂ ಕೂರಲಿಲ್ಲ, ಬೇರೆಯವರನ್ನೂ ಕೂರಗೊಡಲಿಲ್ಲ.

ಐದನೇ ದಿನ ಬೆಳಿಗ್ಗೆ ದೊಡ್ಡವ್ವ ಶೆಡ್ಡಿನ ಬಾಗಿಲಿಗೆ ಬಂದು, ಹೊಸಿಲು ದಾಟದೆ ನಿಂತು, ಒಮ್ಮೆ ಉಸಿರೆಳೆದಳು.

"ಥೂ, ಎಲ್ರೂ ಎದ್ದು ಕೈಕಾಲು ತೊಳ್ಕಂಡು ಬನ್ನಿ," ಎಂದಳು. "ಆ ಮೂಲೇಲಿರೋಳು ಸೊಂಟಕ್ಕೂ ಅಚ್ಕಂಡವ್ಳೆ."

ಮೂಲೆಯವಳು ತಲೆ ತಗ್ಗಿಸಿದಳು. ಹಚ್ಚಿಕೊಂಡಿದ್ದಳು. ಶೆಡ್ಡಿಗೆ ಜೀವ ಬಂತು. ದೊಡ್ಡವ್ವ ಸ್ಟೂಲಿನ ಮೇಲೆ ಕೂತು ಅಪ್ಪಣೆ ಕೊಟ್ಟಳು: ಬೇಲಿನ ಎಲೆಯನ್ನೆಲ್ಲ ಗಾಳಿಗೆ ಹರಡಬೇಕು, ಇನ್ನು ಮೇಲೆ ಬಾಮಿನ ಡಬ್ಬಿ ಒಳಗೆ ಬರಕೂಡದು, ಮಂಡಿ ನೋಯುವವರು ಜೆಲ್ಲು ಹಚ್ಚಿಕೊಂಡು ಕೈ ತೊಳೆದುಕೊಂಡೇ ಎಲೆ ಮುಟ್ಟಬೇಕು. ನನ್ನ ಜೇಬಿನಿಂದ ಜೆಲ್ಲಿನ ಟ್ಯೂಬನ್ನು ಕಿತ್ತುಕೊಂಡು, ಬೆರಳಲ್ಲಿ ತಿಕ್ಕಿ, ಬೆಳಕಿಗೆ ಹಿಡಿದು, ಮೂಸಿ ಹೇಳಿದಳು: "ವಾಸ್ನೆ ಇಲ್ಲ. ಇದೇ ಫಸ್ಟ್ ಗ್ರೇಡು."

ನನಗೆ ಖುಷಿಯೂ ಆಯಿತು, ಚಿಂತೆಯೂ ಆಯಿತು. ನೋಟ್‌ಬುಕ್ ತೆರೆದು ಬಲಪುಟ ತೋರಿಸಿದೆ.

"ಅಲ್ಲ ದೊಡ್ಡವ್ವ, ಸೊಪ್ಪಿನ ಮಾತು ಸರಿ. ನಿನ್ನ ಬಲಗಾಲಿನ ಗತಿ ಏನು? ಬಾಮಿನಿಂದಲೇ ಎರಡು ದಿನಕ್ಕೆ ಕಲ್ಲಾಗಿತ್ತು. ಈಗ ಬಿಟ್ಟು ಐದು ದಿನವಾಯಿತು. ಮತ್ತೆ ನೋವು ಬರಲ್ವಾ?"

"ಬಲಗಾಲ್ಗೆ ಏನಾಗಿತ್ತು?"

"ಮಂಡಿ ಸವೆತ."

"ಯಾರ್ಲಾ ಯೋಳಿದ್ದು? ನಂಗೆ ನೋಯ್ತಿದ್ದಿದ್ದು ಎಡಗಾಲು ಒಂದೇಯ. ಅದೂ ನಿನ್ ಜೆಲ್ಲಿಂದ ಈಗ ಎಷ್ಟೋ ವಾಸಿ. ಬಲಗಾಲು ಉಟ್ಟಿದಾಗಿಂದ ಕಲ್ಲಿದ್ದಂಗೇ ಅದೆ."

"ಮತ್ತೆ ಅದಕ್ಕೆ ಯಾಕೆ ಹಚ್ಚಿಕೊಂಡೆ?"

"ನೀನು ಅಚ್ಚು ಅಂದೆ, ಅಚ್ದೆ. ಓದ್ಕಂಡಿರೋನು ನೀನು. ದಿನಾ ಎಂಗದೆ ಅಂತ ಕೇಳ್ದೆ, ಚೆನ್ನಾಗದೆ ಅಂದೆ. ಮೊದ್ಲು ನೋಯ್ತಿತ್ತಾ ಅಂತ ಯಾವತ್ತಾರ ಕೇಳಿದ್ಯಾ?"

ಓಡಿಹೋಗಿ ಅವಳ ಮನೆಯಿಂದ ಆ ಎಕ್ಸ್‌ರೇ ಕವರು ತಂದು ಬಿಚ್ಚಿದೆ. ಬಾಗಿಲ ಬೆಳಕಿಗೆ ಹಿಡಿದೆ. ಒಂದೇ ಮಂಡಿ, ಎಡದ್ದು. ಇಪ್ಪತ್ತು ವರ್ಷದ ಅನುಭವದಲ್ಲಿ, ಕಣ್ಣಮುಂದೆ ಓಡಾಡುವ ದೊಡ್ಡವ್ವ ಯಾವ ಕಾಲಲ್ಲಿ ಕುಂಟುತ್ತಾಳೆ ಎಂದು ನಾನು ನೋಡಿರಲಿಲ್ಲ.

ಅವ್ವ ಎಲೆ ಆರಿಸುವುದು ನಿಲ್ಲಿಸಿ, ತಿಕ್ಕಿ ತಿಕ್ಕಿ ಕೆಂಪಾಗಿದ್ದ ತನ್ನ ಎರಡೂ ಮಂಡಿಗಳನ್ನು ನೋಡಿದಳು, ಆಮೇಲೆ ದೊಡ್ಡವ್ವನ ಬಲಗಾಲನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಎನ್. ಬೇಗೂರಿನ ಎತ್ತು ಹೇಗೆ ನೋಡಿರಬಹುದು ಎಂದು ಆಗ ಗೊತ್ತಾಯಿತು.

"ಅಂಗಾದ್ರೆ," ಎಂದಳು ಅವ್ವ, "ಇಷ್ಟ್ ದಿನದಿಂದ ನಾನು ತಿಕ್ಕಂಡಿದ್ದು ಅಕ್ಕನ ಚೆನ್ನಾಗಿರೋ ಕಾಲಿನ ಔಸ್ದಿಯಾ?"